ಸತ್ತ ಹೋರಿಗೆ ಒಯ್ದ ಬೆಲ್ಲ

ಕೈಚೀಲದಲ್ಲಿ ಬೆಲ್ಲ, ನೆನೆಸಿದ ಕಡಲೆ. ಅದನ್ನು ಹಿಡಿದುಕೊಂಡು ನಮ್ಮ ಸೋದರಮಾವ ರುದ್ರಪ್ಪ ಮೊನ್ನೆ ಭಾನುವಳ್ಳಿಯಿಂದ ಹರಿಹರದ ದನದ ಆಸ್ಪತ್ರೆಗೆ ಬಂದಿದ್ದರು. ಎಸ್.ಟಿ.ಡಿ. ಬೂತಿನಿಂದ ಫೋನು ಮಾಡಿ ದಾವಣಗೆರೆಯಿಂದ ನನ್ನನ್ನೂ ಕರೆಸಿದ್ದರು (ಪೇಪರಿನಲ್ಲಿ ಬರೆಯುವವನ ಮಾತು ಆಫೀಸುಗಳಲ್ಲಿ ನಡೆಯುತ್ತದೆ ಎಂಬುದು ಅವರ ಭ್ರಮೆ).

ವಿಷಯ ಇಷ್ಟೇ. ಅವರ ಹಸು ಗೌರಿಗೆ ಅದೇ ಆಸ್ಪತ್ರೆಯಲ್ಲಿ ಗಬ್ಬದ ಇಂಜೆಕ್ಷನ್ ಕೊಡಿಸಿ ಮೂರು ತಿಂಗಳಾಗಿತ್ತು. ಗಬ್ಬ ಕಟ್ಟಿತ್ತು. ಮೊದಲೆಲ್ಲ ಊರ ದೇವರ ಬಸವನಿಂದ ಹಸು ಗಬ್ಬವಾದರೆ ಆ ಬಸವನಿಗೆ ಬೆಲ್ಲ, ಕಡಲೆ ತಿನ್ನಿಸುವುದು ಮಾವನ ಮನೆಯ ಪದ್ಧತಿ. ಹುಟ್ಟಿಸಿದವನಿಗೊಂದು ಮರ್ಯಾದೆ ಬೇಡವೇ?

"ಹೋರಿ ಎಲ್ಲೈತ್ರಿ?" ಮಾವ ಕೇಳಿದರು.

ಡಾಕ್ಟರು ಮೂಲೆಯಲ್ಲಿದ್ದ ಕ್ಯಾನಿನ ಮುಚ್ಚಳ ತೆಗೆದರು. ಬಿಳಿ ಹೊಗೆ ಸದ್ದಿಲ್ಲದೆ ಅಂಚು ದಾಟಿತು. ಮೇಲೇರಲಿಲ್ಲ. ನೆಲಕ್ಕಿಳಿದು ನಮ್ಮ ಚಪ್ಪಲಿಯತ್ತ ಹರಿದು ಬಂತು. ಮಾವ ಹಿಂದೆ ಸರಿದರು. ನಾನೂ ಸರಿದೆ, ಸುಳ್ಳು ಯಾಕೆ ಹೇಳಲಿ?

ಒಳಗೆ ಕಡ್ಡಿಯಂಥ ಸಣ್ಣ ಕೊಳವೆಗಳು. ಒಂದೊಂದರಲ್ಲೂ ಲಕ್ಷಗಟ್ಟಲೆ ವೀರ್ಯಾಣುಗಳು ಆ ಭಯಂಕರ ಥಂಡಿಯಲ್ಲಿ ಮಿಸುಕಾಡದೆ ಬಿದ್ದಿರುತ್ತವಂತೆ. ಬೆಚ್ಚಗಿನ ನೀರಿಗೆ ಹಿಡಿದರೆ ಎದ್ದು ಈಜುತ್ತವೆ. ಅಷ್ಟೂ ಲಕ್ಷದಲ್ಲಿ ಒಂದೇ ಒಂದು ವೀರ್ಯಾಣು ಹಸುವಿನ ಅಂಡಾಣುವಿನೊಳಗೆ ನುಗ್ಗುತ್ತದೆ. ಕೂಡಲೇ ಅಂಡಾಣು ಬಾಗಿಲು ಹಾಕಿಕೊಳ್ಳುತ್ತದೆ. ಉಳಿದವೆಲ್ಲ ಹೊರಗೇ ಸಾಯುತ್ತವೆ.

ಮಾವ ಮತ್ತೆ ಹೋರಿಯ ಬಗ್ಗೆಯೇ ಕೇಳಿದರು. ಅದು ಸತ್ತು ಎರಡು ವರ್ಷವಾಯಿತು ಅಂದರು ಡಾಕ್ಟರು, ಬಸ್ಸು ಹೋಯಿತು ಅನ್ನುವಷ್ಟು ಸಲೀಸಾಗಿ.

ಸತ್ತು ಎರಡು ವರ್ಷ. ಗಬ್ಬ ಕಟ್ಟಿ ಮೂರು ತಿಂಗಳು. ಲೆಕ್ಕ ಹಾಕಿದಂತೆಲ್ಲ ನನ್ನ ಬೆನ್ನಲ್ಲಿ ಚಳಿ ಹುಟ್ಟಿತು.

ಮಾವನ ಜೊತೆ ನಾನೂ ಭಾನುವಳ್ಳಿಯ ಬಸ್ಸು ಹತ್ತಿದೆ. ಊರು ತಲುಪಿದಾಗ ಗೌರಿ ಕೊಟ್ಟಿಗೆಯ ಖಾಲಿ ಮೂಲೆಯನ್ನೇ ನೋಡುತ್ತ ನಿಂತಿತ್ತು. ದಿನವೂ ಹಾಗೇ ನಿಲ್ಲುತ್ತಿತ್ತೇನೋ. ಅವತ್ತು ಮಾತ್ರ ಅಲ್ಲಿ ಯಾರೋ ಇದ್ದಾರೆ ಅನ್ನಿಸಿತು. ಮಾವ ಅದರ ಹತ್ತಿರ ಸುಳಿಯಲಿಲ್ಲ. ಬರುವ ಸಂತೆಗೆ ಹೊಡೆದುಕೊಂಡು ಹೋಗಿ ಮಾರುವುದೇ ಸೈ ಅಂದರು.

"ಸತ್ತೋನ ಕೂಸು ಮನ್ಯಾಗ ಹುಟ್ಟಬಾರದು."

ಹಾಗೆ ಅಂದವರು ನನ್ನ ಮುಖ ನೋಡಿದರು. ಅಲ್ಲೇ ಕಟ್ಟೆಯ ಮೇಲೆ ನನ್ನ ಅವ್ವ ಕೂತಿದ್ದಳು.

ನಿಮಗೆ ಹೇಳಿಲ್ಲ ಅಲ್ಲವೇ? ನಮ್ಮಪ್ಪ ತೀರಿಕೊಂಡಾಗ ನಾನು ಅವ್ವನ ಹೊಟ್ಟೆಯಲ್ಲಿ ಐದು ತಿಂಗಳು. ಅವಳು ಈ ತಮ್ಮನ ಮನೆಗೇ ಬಂದು ನನ್ನನ್ನು ಹೆತ್ತಳು. ಅಪ್ಪನನ್ನು ನುಂಗಿ ಹುಟ್ಟಿದವನು ಅಂತ ಊರೇ ಆಡಿಕೊಂಡಿತ್ತು. ಆ ಮಾತು ಕೇಳುತ್ತಲೇ ಬೆಳೆದೆ. ಈಗಲೂ ನೋಯುತ್ತದೆ.

ಅವ್ವ ಎದ್ದು ಹಿತ್ತಲಿಗೆ ನಡೆದಳು. ನಾವು ಹಿಂದೆ ಹೋದೆವು. ಮೆಕ್ಕೆಜೋಳ ಆಳೆತ್ತರ ನಿಂತಿತ್ತು. ಗಾಳಿಯೇ ಇರಲಿಲ್ಲ, ಆದರೂ ಒಳಗೆಲ್ಲೋ ಎಲೆಗಳು ಸರಸರ ಅಂದವು. ದಂಟಿನ ತುದಿಯ ಸೂಲಂಗಿ ಹಿಡಿದು ಬಗ್ಗಿಸಿದಳು. ಗಂಡು ಹೂವು ಅಂದರೆ ಅದೇ. ಒಣಗಿದ್ದ ಅದು ಕೈಯಲ್ಲೇ ಪುಡಿಯಾಯಿತು. ಕೆಳಗಿನ ತೆನೆಯ ಸಿಪ್ಪೆ ಸುಲಿದಳು. ಒಳಗೆ ಹಾಲುಗಾಳು. (ತೆನೆಯ ಒಂದೊಂದು ಕೂದಲಿಗೂ ಒಂದೊಂದು ಕಾಳು. ಸೂಲಂಗಿಯ ಧೂಳು ಬೀಳದ ಕೂದಲಿನ ಕಡೆ ಕಾಳು ಕಟ್ಟುವುದೇ ಇಲ್ಲ.)

"ಕಾಳು ತುಂಬೋ ಹೊತ್ತಿಗೆ ಸೂಲಂಗಿ ಸತ್ತೇ ಹೋಗಿರ್ತೈತೆ ರುದ್ರ. ಹಂಗಂತ ತೆನೆ ಕಿತ್ತು ಒಗೀತೀಯೇನು?"

ಮಾವ ತೆನೆಯನ್ನೊಮ್ಮೆ ಮುಟ್ಟಿ ನೋಡಿದರು. ಕೊಟ್ಟಿಗೆಗೆ ಹೋಗಿ ಚೀಲ ಬಿಚ್ಚಿದರು. ಗೌರಿ ಬೆಲ್ಲ ತಿನ್ನುವಾಗಲೂ ಆ ಖಾಲಿ ಮೂಲೆಯಿಂದ ಕಣ್ಣು ತೆಗೆಯಲಿಲ್ಲ. ಉಳಿದ ಒಂದು ಚೂರನ್ನು ಮಾವ ತಲೆ ತಗ್ಗಿಸಿಕೊಂಡೇ ನನ್ನ ಕೈಗಿಟ್ಟರು.

ನಾನು ಹುಟ್ಟಿದ ದಿನ ಆ ಮನೆಯಲ್ಲಿ ಯಾರೂ ಬೆಲ್ಲ ಹಂಚಿರಲಿಲ್ಲ, ಗೊತ್ತೇ?