ಶಿವಣ್ಣನ ಖೋ

ಇವತ್ತು ಟೀ ಹೊತ್ತಿಗೆ ಪೀಣ್ಯದ ನಮ್ಮ ಲೇತ್ ಶೆಡ್ಡಿನಲ್ಲಿ ಕಾದ ಕಟಿಂಗ್ ಆಯಿಲ್ ವಾಸನೆ ಮೂಗಿಗೆ ಬಡಿಯಿತು. ಶಿವಣ್ಣ ನೆನಪಾದರು.

ಆಗ ಶೆಡ್ ಅಪ್ಪನದು. ಹಾವೇರಿ ಕಡೆಯ ಶಿವಣ್ಣ ಅಲ್ಲಿ ಫೋರ್‌ಮನ್, ಒಂದು ಕಾಲದ ಖೋಖೋ ಆಟಗಾರ. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಮೂಲೆಯಲ್ಲಿ ಹೋಂವರ್ಕ್ ಬರೆಯುತ್ತಿದ್ದೆ. ಟೀ ಮುಗಿದೊಡನೆ ಅವರು ಯಾರದಾದರೂ ಬೆನ್ನು ತಟ್ಟಿ "ಖೋ" ಅನ್ನುತ್ತಿದ್ದರು. ತಟ್ಟಿದವರು ಅವನ ಲೇತಿಗೆ ನಿಲ್ಲಬೇಕು. ತಟ್ಟಿಸಿಕೊಂಡವನು ಹೋಗಿ ಮತ್ತೊಬ್ಬನನ್ನು ತಟ್ಟಬೇಕು. ಹೀಗೆ ಎಲ್ಲರೂ ಎಲ್ಲ ಮೆಷಿನ್ ಕಲಿತಿದ್ದರು.

"ಕೆಲಸ ಕೆಡುತ್ತೆ ಕಣ್ರೀ," ಎಂದು ಅಪ್ಪ ಗೊಣಗುತ್ತಿದ್ದರು.

"ಒಬ್ಬಾಂವ ಬರ್ಲಿಲ್ಲಂದ್ರ ಮೆಷಿನ್ ನಿಲ್ಲಬಾರ್ದ್ರೀ ಸಾವ್ಕಾರ್ರ. ನಾ ಇಲ್ಲಂದ್ರೂ ನಿಲ್ಲಬಾರ್ದು."

ಶಿವಣ್ಣ ತೀರಿಕೊಂಡ ಮರುದಿನವೂ ಶೆಡ್ ತೆರೆದಿತ್ತು. ಆರ್ಡರ್ ಅಂದೇ ಹೋಗಬೇಕಿತ್ತು. ಟೀ ಮುಗಿಯಿತು. ಮೊದಲ ಲೇತಿನ ರಾಜಣ್ಣ ತಟ್ಟನೆ ಬೆಚ್ಚಿ, ಜಾಗ ಬಿಟ್ಟು, ಪಕ್ಕದವನ ಬೆನ್ನು ತಟ್ಟಿದ. ಸಾಲಿಗೆ ಸಾಲೇ ಬದಲಾಯಿತು.

"ನಿಂಗ್ಯಾರೋ ಖೋ ಕೊಟ್ಟಿದ್ದು?" ಬಾಗಿಲಲ್ಲಿದ್ದ ಅಪ್ಪ ಕೂಗಿದರು.

ರಾಜಣ್ಣ ಬೆನ್ನು ಮುಟ್ಟಿಕೊಂಡ. "ನೀವಲ್ವಾ ಸಾರ್?"

ಅವನು ಬಿಟ್ಟುಬಂದ ಲೇತಿನ ಮುಂದೆ ಯಾರೂ ಇರಲಿಲ್ಲ. ಆದರೂ ಅದರ ಹಿಡಿಕೆ, ನುರಿತ ಕೈ ತಿರುಗಿಸಿದಂತೆ, ನಿಧಾನವಾಗಿ ಸುತ್ತುತ್ತಿತ್ತು.

ಈಗ ಶೆಡ್ ನನ್ನದು. ಖೋ ನಿಂತು ವರ್ಷಗಳಾದವು. ಗಿರಾಕಿಗಳು, ಡ್ರಾಯಿಂಗು, ಪಾಸ್‌ವರ್ಡುಗಳು ಎಲ್ಲ ನನ್ನೊಬ್ಬಳ ತಲೆಯಲ್ಲೇ ಇವೆ. ನನ್ನ ಕುರ್ಚಿ ಗೋಡೆಗೆ ಒತ್ತಿಕೊಂಡಿದೆ, ಹಿಂದೆ ಯಾರೂ ನಿಲ್ಲುವಷ್ಟು ಜಾಗವಿಲ್ಲ. ಆದರೂ ಇವತ್ತು, ಟೀ ಮುಗಿದೊಡನೆ, ಬೆನ್ನ ಮೇಲೆ ಒಂದು ಅಂಗೈ ಬಿತ್ತು.

ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ.