ನಾಲಿಗೆ ಇಲ್ಲದ ಆಲೆಮನೆ

ಘತ್ತಾಸನಿಗೆ ಸಿದ್ರಾಕನ ಮೇಲಿರುವ ಸಿಟ್ಟು ಇವತ್ತಿಗೂ ಆರಿಲ್ಲ. ಕಾರಣ ಹೇಳಿದರೆ ಜನ ನಗುತ್ತಾರೆ. ಬೈಯಬೇಕಾದ ದಿನ ಆ ಮನುಷ್ಯ ಬೈಯಲಿಲ್ಲ, ಅಷ್ಟೇ. ಇಡೀ ಕೊಪ್ಪರಿಗೆ ಪಾಕ ಸೀಯಿಸಿ, ಆಲೆಮನೆಯ ಅಷ್ಟೂ ಆಳುಗಳ ಎದುರು ನಿಂತಿದ್ದ ಘತ್ತಾಸ, ಯಜಮಾನ ಒಂದು ಅಂದರೆ ತಾನು ಹತ್ತು ಅನ್ನಬೇಕೆಂದು ಬಾಯಿತುಂಬ ಬೈಗುಳ ಸಿದ್ಧ ಮಾಡಿಕೊಂಡಿದ್ದ. ಅವೆಲ್ಲ ಹೊಟ್ಟೆಯಲ್ಲೇ ಉಳಿದವು. ಮುಂಗೋಪಿಗೆ ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೇನಿದೆ?

ಮಲ್ಲವಿ ಪಟ್ಟಣದ ಹೊರಗೆ, ಕಾಲುವೆಯ ದಂಡೆಯಲ್ಲಿರುವ ಆ ಆಲೆಮನೆ ಸಿದ್ರಾಕನ ಅಪ್ಪ ಬಖೂಮ್ ಕಟ್ಟಿಸಿದ್ದು. ಅಲ್ಲಿ ಅಚ್ಚುಬೆಲ್ಲ ಹೊಯ್ಯುವುದಿಲ್ಲ. ಕಬ್ಬಿನ ಹಾಲನ್ನು ಜೋನಿಯ ಹದಕ್ಕೆ ಕಾಯಿಸಿ ಕಪ್ಪುಜೇನು ಅಂತ ಮಾರುತ್ತಾರೆ. ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸದಲ್ಲಿ ಮಾಂಸ, ಮೊಟ್ಟೆ, ಹಾಲು ಮುಟ್ಟದ ಕ್ರೈಸ್ತರ ಮನೆಗಳಲ್ಲಿ ರೊಟ್ಟಿಗೆ ಅರೆದ ಎಳ್ಳು, ಕಪ್ಪುಜೇನು ಬಿಟ್ಟರೆ ಬೇರೆ ಗತಿಯಿಲ್ಲ. ಆಲೆಮನೆಗೆ ಅದೇ ಸುಗ್ಗಿ.

ಬಖೂಮನ ಕಾಲದಲ್ಲಿ ಸೌಟು ಅವನೊಬ್ಬನ ಕೈಯಲ್ಲಿ. ಕೊಪ್ಪರಿಗೆಯ ಕಟ್ಟೆಯ ಮೇಲೆ ತೋಳುಕುರ್ಚಿ ಹಾಕಿಸಿಕೊಂಡು ಕೂರುವನು. ಸೌಟಿನ ತುದಿ ನೆಕ್ಕಿ, ಕಣ್ಣುಮುಚ್ಚಿ, "ಇಳಿಸ್ರೋ!" ಅಂತ ಕೂಗುವನು. ಬೇರೆ ಯಾರಾದರೂ ಬೆರಳದ್ದಿದರೆ ಆ ದಿನವೇ ಮನೆಗೆ. ಘತ್ತಾಸ ಇಪ್ಪತ್ತೆರಡು ವರ್ಷ ಆ ಕುರ್ಚಿಯ ಪಕ್ಕ ನಿಂತು ನೊರೆ ತೆಗೆದ. ಪಾಕದ ಸದ್ದು ಕೇಳಿಯೇ ಹದ ಹೇಳಬಲ್ಲವನಾದ. ಆದರೆ ಯಾರೂ ಕೇಳಲಿಲ್ಲ.

ಮುದುಕ ಸತ್ತು ನಲವತ್ತು ದಿನದ ಪ್ರಾರ್ಥನೆ ಮುಗಿದ ಮಾರನೆಯ ದಿನ ಸಿದ್ರಾಕ ಬಂದ. ಅಪ್ಪನ ಕುರ್ಚಿಯನ್ನು ತಾನೇ ಹೊತ್ತು ಮೂಲೆಗೆ ಹಾಕಿದ. ಸೌಟು ತಂದು ಘತ್ತಾಸನ ಕೈಗಿಟ್ಟ.

"ಹದ ಬಲ್ಲವನು ನೀನು. ಇನ್ಮೇಲೆ ಕೂಗೋನೂ ನೀನೇ."

"ತಮಾಷೆ ಮಾಡ್ಬೇಡಿ ಯಜಮಾನ್ರೆ."

"ತಮಾಷೆ ಮಾಡೋ ಮುಖಾನಾ ಇದು?" ಅಂದ ಸಿದ್ರಾಕ. ನಿಜಕ್ಕೂ ಅಲ್ಲ. ಉದ್ದ ಮೂಗಿನ, ಜೋಲು ಮೀಸೆಯ ಮುಖ ಅದು.

ಅದಾದ ಎರಡನೆಯ ವರ್ಷ ದೊಡ್ಡ ಉಪವಾಸವೂ ರಂಜಾನೂ ಒಂದರ ಮೇಲೊಂದು ಬಂದು ಕೂತವು. ಒಲೆಗೆ ಉರಿ ಹಾಕುವವನು ಅಬೂ ದಹಬ್, ಮುಸಲ್ಮಾನ. ಹೊತ್ತು ಮುಳುಗುವವರೆಗೆ ಹನಿ ನೀರು ಕುಡಿಯದೆ ಬೆಂಕಿಯ ಬಾಯಿಯ ಮುಂದೆ ನಿಂತು ಮೊದಲ ದಿನವೇ ತಲೆ ತಿರುಗಿ ಕೂತುಬಿಟ್ಟ. ಸಿದ್ರಾಕ ಅಂಗಿ ಬಿಚ್ಚಿ ಒಲೆಯ ಗುಂಡಿಗಿಳಿದ. ಒಣಗಿದ ಕಬ್ಬಿನ ಸಿಪ್ಪೆಯನ್ನು ತಾನೇ ತುರುಕತೊಡಗಿದ.

ಅಬೂ ದಹಬ್ ಹೌಹಾರಿದ. "ಮೇಲೆ ಬನ್ನಿ ಯಜಮಾನ್ರೆ! ನಿಮ್ಮಪ್ಪ ನೋಡಿದ್ರೆ ಗೋರಿಯಿಂದ ಎದ್ದು ಬರ್ತಾರೆ!"

"ಬರ್ಲಿ. ಒಂದು ಹೊರೆ ಸಿಪ್ಪೆ ಹೊರಿಸ್ತೀನಿ. ಅಲ್ಲಪ್ಪಾ, ನಂಗೆ ಸಕ್ಕರೆ ಕಾಯಿಲೆ, ಉಪವಾಸ ಬೇಡ ಅಂತ ಪಾದ್ರಿಗಳೇ ಹೇಳಿದಾರೆ. ನಾನು ನೀರು ಕುಡೀಬಹುದು, ನೀನು ಕುಡಿಯೋ ಹಾಗಿಲ್ಲ. ಬೆಂಕಿ ಮುಂದೆ ಯಾರು ನಿಲ್ಬೇಕು, ನೀನೇ ಹೇಳು. ಹೋಗು, ಕಬ್ಬು ತೂಗಿ ಬರ್ಕೋ."

ಘತ್ತಾಸನಿಗೆ ಇದು ಸರಿಬರಲಿಲ್ಲ. ಯಜಮಾನ ಕೆಳಗೆ, ತಾನು ಅವನ ತಲೆಯ ಮೇಲೆ. ಕಾಲು ಎಲ್ಲಿಡಬೇಕೋ ತಿಳಿಯದು. ಅದನ್ನು ಹೇಳಿದ್ದಕ್ಕೆ ಸಿದ್ರಾಕ ಮಸಿ ಮುಖ ಎತ್ತಿ ನಕ್ಕ. "ಈಸ್ಟರಿಗೆ ಮುಂಚಿನ ಗುರುವಾರ ಪಾದ್ರಿಗಳು ಎಲ್ಲರ ಕಾಲು ತೊಳೀತಾರಲ್ಲ, ನಮ್ಮಪ್ಪ ಪ್ರತಿ ವರ್ಷ ಮೊದಲ ಸಾಲಲ್ಲಿ ಕಾಲು ಚಾಚ್ತಿದ್ರು. ಹಬ್ಬ ಮುಗೀತು ಅಂದ್ರೆ ಮತ್ತೆ ಕುರ್ಚಿ. ನಮ್ಮ ಸ್ವಾಮಿ ಶಿಷ್ಯರ ಕಾಲು ತೊಳೆದದ್ದು ಆ ಒಂದು ದಿನದ ಆಟಕ್ಕಲ್ಲ ಕಣೋ. ಸುಮ್ನೆ ನೊರೆ ನೋಡು."

ನೊರೆಯನ್ನೇನೋ ನೋಡಿದ. ರುಚಿ ನೋಡುವವರು ಯಾರು? ಬಖೂಮ್ ಉಪವಾಸದಲ್ಲೂ ನೆಕ್ಕುತ್ತಿದ್ದ, ಹೋದ ವರ್ಷ ಮುಸಲ್ಮಾನ ಆಳುಗಳು ನೆಕ್ಕಿ ಹೇಳಿದ್ದರು, ಈ ವರ್ಷ ಆ ದಾರಿಯೂ ಇಲ್ಲ. ಕ್ರೈಸ್ತರು ಮಧ್ಯಾಹ್ನ ಮೂರರವರೆಗೆ ಬಾಯಿಗೆ ಏನೂ ಹಾಕುವಂತಿಲ್ಲ, ಮುಸಲ್ಮಾನರು ಸಂಜೆಯವರೆಗೆ. ಬಾಯಿ ಬಿಡುವಾಗಿದ್ದ ಒಬ್ಬನೇ ಒಬ್ಬ ಸಿದ್ರಾಕನಿಗೆ ಸಿಹಿ ವಿಷ. ಇಡೀ ಆಲೆಮನೆಗೆ ನಾಲಿಗೆಯೇ ಇಲ್ಲದಂತಾಯಿತು.

"ನೆಕ್ಕಿ ಉಗುಳಿದ್ರೆ ತಪ್ಪಿಲ್ಲ ಅಂತ ನಮ್ಮ ಮೌಲ್ವಿ ಹೇಳ್ತಾರೆ," ಅಂದ ಅಬೂ ದಹಬ್. "ಆದ್ರೆ ಬಿಸಿ ಕಪ್ಪುಜೇನು ಬಾಯಿಗೆ ಬಂದ ಮೇಲೆ ಉಗುಳೋ ಶಕ್ತಿ ನಂಗಿಲ್ಲಪ್ಪ. ನಾನು ದುರ್ಬಲ ಮನುಷ್ಯ."

"ನಂಗೆ ಕಣ್ಣೇ ಸಾಕು," ಅಂದ ಘತ್ತಾಸ, ಹೆಮ್ಮೆಯಿಂದ.

ಆ ವಾರ ಬಂದದ್ದು ಉಪ್ಪುನೆಲದ ಕಬ್ಬು. ಅದರ ಬಣ್ಣ ತಡವಾಗಿ ಏರುತ್ತದೆ; ನಾಲಿಗೆಗೆ ಹದ ಬಂದಾಗ ಕಣ್ಣಿಗೆ ಇನ್ನೂ ಹಸಿಯಾಗಿ ಕಾಣುತ್ತದೆ. ಘತ್ತಾಸ ಕಿವಿಯನ್ನು ಮರೆತು ಬಣ್ಣಕ್ಕಾಗಿ ಕಾದ. ಬಣ್ಣ ಬಂತು, ಜೊತೆಗೆ ಸೀದ ವಾಸನೆಯೂ ಬಂತು.

ಸಿದ್ರಾಕ ಗುಂಡಿಯಿಂದ ಹತ್ತಿ ಬಂದು ಕೊಪ್ಪರಿಗೆಗೆ ಇಣುಕಿದ. ಆಳುಗಳೆಲ್ಲ ಸುತ್ತ ಸೇರಿದರು.

"ಬೆಂಕಿ ನಂದು, ಕಣ್ಣು ನಿಂದು. ಇಬ್ರೂ ಸೇರಿ ಸೀಯಿಸಿದ್ವಿ," ಅಂದ. "ಕೊಪ್ಪರಿಗೆ ತಿಕ್ಕೋಣ ಬನ್ನಿ." ಮೊದಲು ತಾನೇ ಮೊಣಕಾಲೂರಿ ಕೂತ.

ಘತ್ತಾಸ ಸೌಟನ್ನು ಬಿಸಾಡಿದ. "ಬೈಯ್ರಿ ನನ್ನನ್ನ! ನಿಮ್ಮಪ್ಪ ಆಗಿದ್ರೆ ಚರ್ಮ ಸುಲೀತಿದ್ರು!"

"ಚರ್ಮ ಆಮೇಲೆ ಸುಲಿಯೋಣ. ಭಾನುವಾರದ ಒಳಗೆ ಅಸ್ಯೂತ್ ಪೇಟೆಗೆ ಎರಡು ಲಾರಿ ಹೋಗ್ಬೇಕು. ನಾಳೆ ಹೇಗೆ ಮಾಡೋದು, ಯೋಚಿಸ್ಕೊಂಡು ಬಾ." ಸೌಟು ಹುಡುಕಿ ತೊಳೆದು ಅವನ ಜಾಗದಲ್ಲೇ ಒರಗಿಸಿಟ್ಟ.

ಮನೆ ದಾರಿಯುದ್ದಕ್ಕೂ ಘತ್ತಾಸನಿಗೆ ಒಂದೇ ಸಂಕಟ. ಇಪ್ಪತ್ತೆರಡು ವರ್ಷ ಕಾದು ಕೈಗೆ ಬಂದ ಸೌಟು. ನಾಳೆಯೂ ಸೀದರೆ ಯಾರೂ ಕಸಿಯಬೇಕಾಗಿಲ್ಲ, ತನಗೇ ಅದನ್ನು ಮುಟ್ಟಲು ಮುಖವಿರುವುದಿಲ್ಲ.

ಮನೆಯಲ್ಲಿ ಅವನ ತಾಯಿ ಗಲೀಲಾ ರೊಟ್ಟಿಗೆ ಕಪ್ಪುಜೇನು ಅದ್ದಿ ಚಪ್ಪರಿಸುತ್ತಿದ್ದಳು. ಎಂಬತ್ತಾರು ವಯಸ್ಸು, ಬಾಯಲ್ಲಿ ಹಲ್ಲಿಲ್ಲ, ಉಪವಾಸ ಬೇಡವೆಂದು ಪಾದ್ರಿಗಳ ಅಪ್ಪಣೆ.

"ಇದು ಹೋದ ವಾರದ್ದಲ್ವಾ? ಎರಡು ಕುದಿ ಮೊದಲೇ ಇಳಿಸಿದೀಯ," ಅಂದಳು. "ಹೆದರಿಕೊಂಡು ಇಳಿಸಿದ ರುಚಿ ಇದು."

ಘತ್ತಾಸ ಅವಳ ಚಪ್ಪರಿಸುವ ಬಾಯನ್ನೇ ನೋಡುತ್ತ ನಿಂತ.

ಬೆಳಿಗ್ಗೆ ಗುಂಡಿಯ ಅಂಚಿನಲ್ಲಿ ಕೂತು ಯಜಮಾನನನ್ನು ಕೇಳಿದ. "ನಮ್ಮಮ್ಮನ್ನ ಕರ್ಕೊಂಡು ಬರ್ಲಾ? ಹೆಂಗಸರು ಕಟ್ಟೆ ಹತ್ತಬಾರದು ಅಂತ ನಿಮ್ಮಪ್ಪ ಮಾಡಿದ ಕಟ್ಟಳೆ..."

"ಸೌಟು ಯಾರ ಕೈಲಿದೆ?"

"ನನ್ನ ಕೈಲಿ."

"ಮತ್ತೆ ನನ್ನ ಪ್ರಾಣ ಯಾಕೆ ತಿಂತೀಯ?"

ಗಲೀಲಾ ಕತ್ತೆಗಾಡಿಯಲ್ಲಿ ಬಂದಳು, ಹಬ್ಬದ ಕಪ್ಪು ಬಟ್ಟೆ ತೊಟ್ಟು. ಅಬೂ ದಹಬ್ ಮೂಲೆಯ ಕುರ್ಚಿಯ ಧೂಳು ಹೊಡೆದು ತಂದ. ಬಖೂಮನ ಕುರ್ಚಿಯಲ್ಲಿ ಬಖೂಮನ ನೊರೆ ತೆಗೆಯುವವನ ತಾಯಿ! ಅವಳೇ ಮೊದಲು ನಕ್ಕಳು.

"ರುಚಿ ನಾನು ಹೇಳ್ತೀನಿ. ಕೂಗೋದು ನೀನು," ಅಂದಳು ಮಗನಿಗೆ.

ಮೊದಲ ಸೌಟು: "ಹಸಿ." ಎರಡನೆಯದು: "ಇನ್ನೂ ಮಗು ಇದು." ಮೂರನೆಯದಕ್ಕೆ ತಲೆಯಾಡಿಸಿದಳು, "ಆಯ್ತು, ಇಳಿಸು."

ಘತ್ತಾಸ ಬಾಯಿ ತೆರೆದವನು ಮುಚ್ಚಿದ. ಗುಳ್ಳೆಗಳ ಸದ್ದು ಇನ್ನೂ ತೆಳ್ಳಗಿತ್ತು. "ಇಲ್ಲಮ್ಮ, ಇನ್ನೊಂದು ಕುದಿ."

"ನಂಗೇ ಹೇಳ್ತೀಯಾ?"

"ಹೇಳ್ತೀನಿ."

ಗುಂಡಿಯೊಳಗೆ ಸಿದ್ರಾಕನ ಕೈ ನಿಂತಿತು. ಒಂದು ಕುದಿ ಬಂತು, ಹೋಯಿತು. ಮುದುಕಿ ಮತ್ತೆ ನೆಕ್ಕಿದಳು. ಸುಕ್ಕುಗಟ್ಟಿದ ಮುಖವೆಲ್ಲ ಅರಳಿತು. "ಹೌದು ಕಣೋ. ಸರಿ ಹೇಳಿದ್ದು ನೀನೇ."

"ಇಳಿಸ್ರೋ!" ಆ ಕೂಗು ಕಾಲುವೆಯ ಆಚೆ ದಂಡೆಗೂ ಕೇಳಿತಂತೆ. ಆಳುಗಳು ಹೋ ಎಂದು ಕಿರುಚಿದರು. ಸಿದ್ರಾಕ ಗುಂಡಿಯಿಂದ ಹತ್ತಿ ಬಂದು ಮಸಿ ಕೈಯಲ್ಲೇ ಮುದುಕಿಯ ತಲೆ ಹಿಡಿದು ಹಣೆಗೆ ಮುತ್ತಿಟ್ಟ. ಅವಳ ಹಬ್ಬದ ಬಟ್ಟೆಗೆ ಸಿಪ್ಪೆಪುಡಿ ಮೆತ್ತಿತು. "ನನ್ನ ತಟ್ಟೆ ಸಂಜೆಗೆ ಎತ್ತಿಡಿ, ಯಾರಾದ್ರೂ ಮುಟ್ಟಿದ್ರೆ ನೋಡಿ!" ಅಂತ ಅಬೂ ದಹಬ್ ಕೂಗುತ್ತಿದ್ದ.

ಭಾನುವಾರದ ಒಳಗೆ ಎರಡೂ ಲಾರಿ ಹೋದವು. ಉಪವಾಸ ಮುಗಿಯುವವರೆಗೂ ಗಲೀಲಾ ದಿನಾ ಬಂದಳು. ಮುಂದಿನ ವರ್ಷಕ್ಕೆ ಅಬೂ ದಹಬ್‌ಗೂ ಸೌಟು ಹಿಡಿಯಲು ಬರುತ್ತಿತ್ತು. ಕಲಿಸಿದವನು ಘತ್ತಾಸ, ಕಿರುಚಾಡಿಕೊಂಡೇ.

ಈಸ್ಟರಿನ ಮಾರನೆಯ ದಿನ ಸಿದ್ರಾಕ ಗಲೀಲಾಳ ಹೊಸ್ತಿಲಿಗೆ ಬಂದ. "ಅಮ್ಮಾ, ನಿಮ್ಮ ಕೂಲಿ ಹೇಳಿ."

"ಯೋಚ್ನೆ ಮಾಡಿ ಹೇಳ್ತೀನಿ."

ಮುಂದಿನ ಈಸ್ಟರಿಗೂ ಬಂದ. "ಏನು ಬೇಕು ಅಂತ ಇನ್ನೂ ತೋಚಿಲ್ಲ ಕಣಪ್ಪ. ಯಜಮಾನ ನನ್ನ ಬಾಕಿದಾರ ಅಂದ್ಕೊಂಡ್ರೆ ಎಷ್ಟು ಚೆನ್ನಾಗಿ ನಿದ್ದೆ ಬರುತ್ತೆ ಗೊತ್ತಾ?" ಅಂತ ಕಿಲಕಿಲ ನಕ್ಕಳು. ಅದೇ ವರ್ಷ ಖರ್ಜೂರ ಕೊಯ್ಲಿನ ಹೊತ್ತಿಗೆ, ನಿದ್ದೆಯಲ್ಲೇ ಹೋದಳು.

ಮೂರನೆಯ ದಿನದ ಪ್ರಾರ್ಥನೆ ಮುಗಿಸಿ ಬರುವಾಗ ಸಿದ್ರಾಕ, "ಆ ಕೂಲಿ ನಿಂಗೆ ಕೊಡ್ಲೇನೋ?" ಅಂದ.

"ನಾನ್ಯಾಕೆ ತಗೊಳ್ಲಿ?" ಘತ್ತಾಸ ಸಿಡುಕಿದ. "ನೀವು ಬಾಕಿ ಇರೋದು ಅವಳಿಗೆ, ನಂಗಲ್ಲ."