ಫಳಫಳ ಹೊಳೆಯುವ ಕಾರ್ಟ್ರಿಡ್ಜ್

ಹಳೆಯ ವಿಡಿಯೋ ಗೇಮ್ ರಿಪೇರಿಯಲ್ಲಿ ನನ್ನದೊಂದು ಕಟ್ಟುನಿಟ್ಟಿನ ನಿಯಮ: ಆಟ ತುಂಬಿದ ಕಾರ್ಟ್ರಿಡ್ಜಿಗೆ ಬಾಯಿಂದ ಊದಬಾರದು, ಉಸಿರಿನ ತೇವಕ್ಕೆ ಪಿನ್ನುಗಳು ಹಾಳಾಗುತ್ತವೆ. ಚನ್ನಪಟ್ಟಣದ ಗೊಂಬೆ ಕೆಲಸಗಾರ ಗೌಸ್ ಸಾಬರು ತಂದ ಕಾರ್ಟ್ರಿಡ್ಜನ್ನು ಅವರ ಕನ್ಸೋಲಿಗೆ ಹಾಕಿದರೆ ಟಿವಿಯಲ್ಲಿ ಬರೀ ಬಣ್ಣದ ಗೀಟುಗಳು, ಆಟಗಾರನಿಗೆ ಅರ್ಧ ತಲೆ.

“ಊದಿದ್ದೀರಿ,” ಎಂದೆ.

“ಇಲ್ಲ ಸಾರ್, ದೇವ್ರಾಣೆ. ಮಗಳು ನಾಳೆ ಬತ್ತಾವ್ಳೆ. ಮದ್ವೆಗೆ ಮುಂಚೆ ಅವ್ಳು ಆಡಿ ಉಳಿಸಿದ್ದ ಆಟ ಇದ್ರಾಗೈತೆ. ಅದು ಹೋಗ್ಬುಟ್ರೆ ನನ್ನ ಬುಡಾಕಿಲ್ಲ.”

ಕನ್ಸೋಲ್ ಬಿಚ್ಚಿದೆ, ವೈರ್ ಬದಲಿಸಿದೆ, ಬೇರೆ ಕಾರ್ಟ್ರಿಡ್ಜ್ ಹಾಕಿದೆ. ಅದು ಸರಿಯಾಗಿಯೇ ಓಡಿತು. ಇವರದರ ತಾಮ್ರದ ಪಿನ್ನುಗಳೋ, ಹೊಸದಕ್ಕಿಂತ ಫಳಫಳ. ನನಗೆ ತಲೆಬುಡ ತಿಳಿಯಲಿಲ್ಲ. ಕೊನೆಗೆ ಬೆರಳಿಟ್ಟು ನೋಡಿದರೆ ಗೊಂಬೆಯ ಹಾಗೆ ನುಣುಪು.

“ಇದಕ್ಕೇನು ಮಾಡಿದಿರಿ?”

“ಮಂಕಾಗಿತ್ತು. ಒಸಿ ಅರಗು ಸವರಿ ತಾಳೆಗರೀಲಿ ಉಜ್ಜಿದೆ, ಗೊಂಬೆಗೆ ಉಜ್ಜೋ ಹಂಗೆ.”

ಅರಗಿನಲ್ಲಿ ಕರೆಂಟು ಹರಿಯುವುದಿಲ್ಲ. ಸ್ಪಿರಿಟ್ಟಿನಲ್ಲಿ ಅದನ್ನೆಲ್ಲ ಕರಗಿಸಿ ಒರೆಸಿದ ಮೇಲೆ ಚಿತ್ರ ನೆಟ್ಟಗೆ ಬಂತು, ಮಗಳ ಹೆಸರೂ ಬಂತು. ಸಾಬರು ಅದನ್ನು ಎರಡು ಸಲ ಓದಿದರು. ಊದಿದ್ದೀರಿ ಎಂದದ್ದಕ್ಕೆ ನಾನು ಕ್ಷಮೆ ಕೇಳಿದೆ.

“ಮತ್ತೆ ಮಂಕಾದ್ರೆ ಸಾರ್?”

“ಮಂಕಾಗಿಯೇ ಇರಲಿ, ಮುಟ್ಟಬೇಡಿ.”

ಕೆಲಸ ಬಾರದವನನ್ನು ನೋಡುವ ಹಾಗೆ ಅವರು ನನ್ನನ್ನು ನೋಡಿದರು.